ಹಂಚಿಕೊಂಡ ಕಡತಗಳು ಮತ್ತು ಸ್ಮೃತಿಯ ಸೋರಿಕೆ: ಒಂದು ಚಾರಿತ್ರಿಕ ಪರಿಶೀಲನೆ

ಗಣಕಯಂತ್ರದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಯಂತ್ರಗಳ, ಅವುಗಳನ್ನು ರೂಪಿಸಿದವರ ಹಾಗೂ ಸಂಸ್ಥೆಗಳ ಇತಿಹಾಸವನ್ನು ಬರೆದಿದ್ದಾರೆ. ದೋಷಗಳ ಇತಿಹಾಸ ಅಷ್ಟಾಗಿ ಬೆಳೆದಿಲ್ಲ. ಒಂದು ಸೇತುವೆ ಕುಸಿದರೆ ಅದರ ವಿಚಾರಣಾ ವರದಿ ಗ್ರಂಥಾಲಯ ಸೇರುತ್ತದೆ. ಒಂದು ಕ್ರಮವಿಧಿ ಕುಸಿದರೆ ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವುದರೊಂದಿಗೆ ಬಹುತೇಕ ಸಾಕ್ಷ್ಯ ಅಳಿಸಿಹೋಗುತ್ತದೆ. ಹೀಗೆ ಸಾಕ್ಷ್ಯವನ್ನು ತಾನೇ ಅಳಿಸಿಕೊಳ್ಳುವ ದೋಷಗಳಲ್ಲಿ ‘ಮೆಮೊರಿ ಲೀಕ್’ ಎಂದು ಹೆಸರಾಗಿರುವ ಸ್ಮೃತಿಸೋರಿಕೆ ಮುಖ್ಯವಾದುದು. ಒಂದು ಯಂತ್ರದ ಕಡತಗಳನ್ನು ಇನ್ನೊಂದು ಯಂತ್ರ ಬಳಸುವಾಗ, ಅದರಲ್ಲೂ ಒಂದೇ ಗಣಕದೊಳಗೆ ಕಲ್ಪಿತವಾದ ‘ವರ್ಚುವಲ್ ಮಷೀನ್’ ತನ್ನ ಆತಿಥೇಯ ಗಣಕದ ಫೋಲ್ಡರನ್ನು ಹಂಚಿಕೊಳ್ಳುವಾಗ, ಈ ದೋಷ ಯಾವ ರೂಪ ತಾಳುತ್ತದೆ, ಆ ರೂಪಕ್ಕೆ ಚರಿತ್ರೆಯಲ್ಲಿ ಬೇರುಗಳೆಲ್ಲಿವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪದ ಮತ್ತು ಪದಾರ್ಥ

ಮೊದಲಿಗೆ ಪದದ ಬಗ್ಗೆ ಒಂದು ಮಾತು. ಸೋರಿಕೆ ಎಂದರೆ ಒಳಗಿನದು ಹೊರಗೆ ಹೋಗುವುದು ಎಂದು ನಾವು ತಿಳಿಯುತ್ತೇವೆ. ಮಾಡು ಸೋರುತ್ತದೆ, ಕೊಡ ಸೋರುತ್ತದೆ. ಗಣಕದ ಸ್ಮೃತಿ ಹಾಗೆ ಎಲ್ಲಿಗೂ ಹೋಗುವುದಿಲ್ಲ. ಕ್ರಮವಿಧಿಯೊಂದು ಕೆಲಸಕ್ಕೆ ಬೇಕಾದಷ್ಟು ಸ್ಮೃತಿಯನ್ನು ಕಾರ್ಯಾಚರಣ ವ್ಯವಸ್ಥೆಯಿಂದ ಕೇಳಿ ಪಡೆಯುತ್ತದೆ. ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು. ಹಿಂದಿರುಗಿಸದೆ, ಅದು ಎಲ್ಲಿತ್ತೆಂಬ ವಿಳಾಸವನ್ನೂ ಕಳೆದುಕೊಂಡರೆ ಆ ತುಣುಕು ಯಾರಿಗೂ ದಕ್ಕದೆ ಯಂತ್ರದೊಳಗೇ ಉಳಿದುಬಿಡುತ್ತದೆ. ಇದು ಸೋರುವ ಕೊಡಕ್ಕಿಂತ ಹೂಳು ತುಂಬುವ ಕೆರೆಗೆ ಹೆಚ್ಚು ಹತ್ತಿರ. ಏರಿ ಗಟ್ಟಿಯಾಗಿಯೇ ಇರುತ್ತದೆ, ತೂಬೂ ಸರಿಯಾಗಿಯೇ ಇರುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ನೀರು ನಿಲ್ಲುವ ಜಾಗ ಕಡಿಮೆಯಾಗುತ್ತ ಹೋಗುತ್ತದೆ. ಬಳಕೆಯಲ್ಲಿ ರೂಢವಾದ ‘ಸೋರಿಕೆ’ ಎಂಬ ಪದವನ್ನೇ ಇಲ್ಲಿಯೂ ಉಳಿಸಿಕೊಳ್ಳಲಾಗಿದೆ. ಆದರೆ ಹೂಳಿನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿವರಗಳು ಸುಲಭವಾಗುತ್ತವೆ.

1960ರ ಎರಡು ದಾರಿಗಳು

ಆರಂಭದ ಗಣಕಗಳಲ್ಲಿ ಈ ದೋಷಕ್ಕೆ ಎಡೆಯೇ ಇರಲಿಲ್ಲ. 1957ರಲ್ಲಿ ಐಬಿಎಂ ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ ಪ್ರತಿಯೊಂದು ಚರಕ್ಕೂ ಜಾಗ ಮೊದಲೇ ನಿಗದಿಯಾಗುತ್ತಿತ್ತು. ಲೆಕ್ಕ ಮುಗಿಯುವವರೆಗೆ ಕೇಳುವುದೂ ಇಲ್ಲ, ಹಿಂದಿರುಗಿಸುವುದೂ ಇಲ್ಲ. ಎಷ್ಟು ಜಾಗ ಬೇಕೆಂದು ಮೊದಲೇ ಹೇಳಲಾಗದ ಪಟ್ಟಿಗಳನ್ನು ಸಂಸ್ಕರಿಸುವ ಲಿಸ್ಪ್ ಭಾಷೆ ಬಂದಾಗ ಸಮಸ್ಯೆ ಎದುರಾಯಿತು. 1960ರ ಏಪ್ರಿಲ್‌ನಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಜಾನ್ ಮೆಕಾರ್ಥಿಯವರು ಇದಕ್ಕೆ ಪರಿಹಾರವನ್ನು ಸೂಚಿಸಿದರು. ಖಾಲಿ ಜಾಗ ಮುಗಿದಾಗ ಕ್ರಮವಿಧಿ ನಿಲ್ಲುತ್ತದೆ; ಗೊತ್ತಾದ ಮೂಲಗಳಿಂದ ಹೊರಟು ಕೊಂಡಿಗಳನ್ನು ಹಿಡಿದು ತಲುಪಬಹುದಾದ ಪ್ರತಿಯೊಂದು ಸ್ಥಾನಕ್ಕೂ ಗುರುತು ಹಾಕುತ್ತದೆ; ಗುರುತಿಲ್ಲದ್ದೆಲ್ಲ ಕಸ, ಅದನ್ನು ಮರುಬಳಕೆಗೆ ಸೇರಿಸುತ್ತದೆ. ಈ ಕ್ರಿಯೆಗೆ ಹಲವಾರು ಸೆಕೆಂಡುಗಳು ಹಿಡಿಯುತ್ತವೆ ಎಂದು ಅವರೇ ಬರೆದಿದ್ದಾರೆ. ಇಂದು ‘ಗಾರ್ಬೇಜ್ ಕಲೆಕ್ಷನ್’ ಎಂದು ಹೆಸರಾದ ವಿಧಾನ ಇದೇ. ಪ್ರಬಂಧದಲ್ಲಿ ಮಾತ್ರ ಆ ಹೆಸರಿಲ್ಲ. ಪ್ರಯೋಗಶಾಲೆಯ ಒಳಗೆ ರೂಢಿಯಲ್ಲಿದ್ದ ಪದವನ್ನು ಮುದ್ರಣದಲ್ಲಿ ಬಳಸಲು ಹಿಂಜರಿದದ್ದಾಗಿ ಮೆಕಾರ್ಥಿಯವರು ಅನಂತರ ಹೇಳಿಕೊಂಡಿದ್ದಾರೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾರ್ಜ್ ಕಾಲಿನ್ಸ್ ಅವರು ಇನ್ನೊಂದು ದಾರಿಯನ್ನು ತೋರಿಸಿದರು. ಪ್ರತಿಯೊಂದು ವಸ್ತುವಿನ ಜೊತೆಗೆ ಅದನ್ನು ಎಷ್ಟು ಮಂದಿ ಹಿಡಿದುಕೊಂಡಿದ್ದಾರೆ ಎಂಬ ಎಣಿಕೆಯನ್ನು ಇಡುವುದು, ಎಣಿಕೆ ಸೊನ್ನೆಗೆ ಇಳಿದ ಕೂಡಲೇ ಜಾಗವನ್ನು ಬಿಡುಗಡೆ ಮಾಡುವುದು. ಎರಡು ವಸ್ತುಗಳು ಪರಸ್ಪರ ಹಿಡಿದುಕೊಂಡಿದ್ದರೆ ಎಣಿಕೆ ಎಂದೂ ಸೊನ್ನೆಯಾಗದೆಂಬ ಕೊರತೆಯನ್ನು 1963ರಲ್ಲಿ ಹೆರಾಲ್ಡ್ ಮೆಕ್‌ಬೆತ್ ಅವರು ಎತ್ತಿ ತೋರಿಸಿದರು. ಆದರೂ ಕಾಲಿನ್ಸ್‌ರ ದಾರಿ ಬಿಟ್ಟುಹೋಗಲಿಲ್ಲ. ಕಡತ ವ್ಯವಸ್ಥೆಗಳ ಲೋಕದಲ್ಲಿ ಇಂದಿಗೂ ನಡೆಯುವುದು ಮುಖ್ಯವಾಗಿ ಅವರ ಎಣಿಕೆಯೇ. ನಮ್ಮ ವಿಷಯಕ್ಕೆ ಇದು ಬಹಳ ಪ್ರಸ್ತುತ. ಏಕೆಂದರೆ ಎಣಿಕೆಯನ್ನು ಹೆಚ್ಚಿಸುವವನು ಒಬ್ಬ, ಇಳಿಸಬೇಕಾದವನು ಇನ್ನೊಬ್ಬ ಆದಾಗ ಏನಾಗುತ್ತದೆ ಎಂಬುದೇ ಹಂಚಿಕೊಂಡ ಫೋಲ್ಡರಿನ ಕಥೆ.

1972ರ ಸುಮಾರಿಗೆ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ಡೆನ್ನಿಸ್ ರಿಚಿಯವರು ರೂಪಿಸಿದ ಸಿ ಭಾಷೆ ಈ ಎರಡೂ ದಾರಿಗಳನ್ನು ಬದಿಗಿಟ್ಟಿತು. ಪಡೆಯುವ ಹೊಣೆಯೂ ಬಿಡುವ ಹೊಣೆಯೂ ಕ್ರಮವಿಧಿ ಬರೆಯುವವನದೇ. ಇದನ್ನು ಅವಿವೇಕವೆಂದು ಟೀಕಿಸುವವರು ಅಂದಿನ ಯೂನಿಕ್ಸ್ ಕ್ರಮವಿಧಿಗಳ ಆಯುಷ್ಯವನ್ನು ಗಮನಿಸಬೇಕು. ಒಂದು ಆಜ್ಞೆ ಹುಟ್ಟಿ, ಕೆಲವು ಕ್ಷಣ ದುಡಿದು, ಸಾಯುತ್ತಿತ್ತು. ಸತ್ತಾಗ ಅದು ಹಿಡಿದಿದ್ದ ಸ್ಮೃತಿಯೆಲ್ಲವನ್ನೂ ಕಾರ್ಯಾಚರಣ ವ್ಯವಸ್ಥೆ ಮರಳಿ ಪಡೆಯುತ್ತಿತ್ತು. ಅಲ್ಪಾಯುಷಿಯಾದ ಕ್ರಮವಿಧಿಗೆ ಸೋರಿಕೆ ದೋಷವೇ ಅಲ್ಲ. ದಿನಗಟ್ಟಲೆ, ತಿಂಗಳುಗಟ್ಟಲೆ ಎಚ್ಚರವಾಗಿರಬೇಕಾದ ಸರ್ವರುಗಳು ಬಂದಮೇಲೆ ಅದೇ ಅಭ್ಯಾಸ ಅಪಾಯಕಾರಿಯಾಯಿತು. ಬದಲಾದದ್ದು ಬರೆಯುವವರ ಶಿಸ್ತಲ್ಲ, ಕ್ರಮವಿಧಿಯ ಆಯುಷ್ಯ ಎಂದು ನನಗೆ ತೋರುತ್ತದೆ.

ಜಾಲದ ಮೂಲಕ ಕಡತಗಳನ್ನು ಹಂಚುವ ಸರ್ವರುಗಳನ್ನು ಕಟ್ಟಿದವರಿಗೆ ಈ ಅಪಾಯದ ಅರಿವಿತ್ತು ಎನ್ನಲು ಆಧಾರವಿದೆ. ಸನ್ ಮೈಕ್ರೋಸಿಸ್ಟಮ್ಸ್ 1985ರಲ್ಲಿ ಪ್ರಚುರಪಡಿಸಿದ ಎನ್‌ಎಫ್‌ಎಸ್ ವ್ಯವಸ್ಥೆಯ ಸರ್ವರ್ ತನ್ನ ಗ್ರಾಹಕರ ಬಗ್ಗೆ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಯಾರು ಯಾವ ಕಡತವನ್ನು ತೆರೆದಿದ್ದಾರೆ ಎಂಬ ಪಟ್ಟಿಯೇ ಅದರಲ್ಲಿಲ್ಲ. ಪ್ರತಿಯೊಂದು ಕೋರಿಕೆಯೂ ತನಗೆ ಬೇಕಾದ ವಿವರವನ್ನೆಲ್ಲ ತಾನೇ ಹೊತ್ತು ತರುತ್ತದೆ. ಸರ್ವರ್ ಕುಸಿದು ಎದ್ದರೂ ಕೆಲಸ ಸಲೀಸಾಗಿ ಮುಂದುವರಿಯಲೆಂಬುದು ಇದರ ಮುಖ್ಯ ಉದ್ದೇಶ. ಆದರೆ ಅದರ ಜೊತೆಗೇ, ನೆನಪೇ ಇಲ್ಲದವನಿಗೆ ಮರೆಯುವ ಹೊಣೆಯೂ ಇಲ್ಲವೆಂಬ ಅನುಕೂಲ ದೊರಕಿತು. ಬೀಗ ಹಾಕುವುದು ಮುಂತಾದ ಸೌಲಭ್ಯಗಳಿಗೆ ನೆನಪು ಅನಿವಾರ್ಯವಾದಾಗ, 2000ದಲ್ಲಿ ಮಾನಕವಾದ ಅದರ 4ನೆಯ ಆವೃತ್ತಿ ಅವಧಿಬದ್ಧ ಗುತ್ತಿಗೆಯ ಕ್ರಮವನ್ನು ಅಳವಡಿಸಿಕೊಂಡಿತು. ಗ್ರಾಹಕ ಕಾಲಕಾಲಕ್ಕೆ ನವೀಕರಿಸದಿದ್ದರೆ ಸರ್ವರ್ ತಾನಾಗಿಯೇ ಅದನ್ನು ಮರೆಯಬಹುದು. ಗ್ರೇ ಮತ್ತು ಚೆರಿಟನ್ ಅವರು 1989ರಲ್ಲಿ ಪ್ರತಿಪಾದಿಸಿದ ವಿಚಾರವಿದು.

ಲಂಡನ್, 1992

ಸೋರಿಕೆಯಿಂದ ಒಂದು ಸಾರ್ವಜನಿಕ ಸೇವೆ ನಿಂತುಹೋದ, ಅದರ ಬಗ್ಗೆ ಅಧಿಕೃತ ವಿಚಾರಣೆ ನಡೆದು ವರದಿ ಮುದ್ರಿತವಾದ ಪ್ರಕರಣಗಳು ವಿರಳ. ಆ ಕಾರಣಕ್ಕೆ ಲಂಡನ್ ಆಂಬುಲೆನ್ಸ್ ಸೇವೆಯ ಪ್ರಕರಣ ಇತಿಹಾಸಕಾರರಿಗೆ ಅಮೂಲ್ಯ. ಅಲ್ಲಿಯೂ ದೋಷವಿದ್ದದ್ದು ಕಡತ ಸರ್ವರಿನಲ್ಲೇ.

600 ಚದರ ಮೈಲಿಗೂ ಹೆಚ್ಚಿನ ಪ್ರದೇಶದಲ್ಲಿ ಸುಮಾರು 68 ಲಕ್ಷ ನಿವಾಸಿಗಳಿಗೆ ಸೇವೆ ಸಲ್ಲಿಸುತ್ತಿದ್ದ ಈ ಸಂಸ್ಥೆಗೆ ದಿನಕ್ಕೆ 2000ದಿಂದ 2500 ಕರೆಗಳು ಬರುತ್ತಿದ್ದವು. ಕರೆಯನ್ನು ದಾಖಲಿಸಿ, ಸ್ಥಳ ಗುರುತಿಸಿ, ಹತ್ತಿರದ ವಾಹನವನ್ನು ತಾನಾಗಿಯೇ ಕಳುಹಿಸುವ ಗಣಕ ವ್ಯವಸ್ಥೆಯನ್ನು 1992ರ ಅಕ್ಟೋಬರ್ 26ರಂದು ಪೂರ್ಣಪ್ರಮಾಣದಲ್ಲಿ ಜಾರಿಗೆ ತರಲಾಯಿತು. ಆ ದಿನವೂ ಮರುದಿನವೂ ಉಂಟಾದ ಅವ್ಯವಸ್ಥೆ ಜಗತ್ತಿನಾದ್ಯಂತ ಸುದ್ದಿಯಾಯಿತು; 28ರಂದು ಸಂಸ್ಥೆಯ ಮುಖ್ಯಾಧಿಕಾರಿ ರಾಜೀನಾಮೆ ನೀಡಿದರು. ಇಪ್ಪತ್ತು ಮೂವತ್ತು ಮಂದಿ ಸತ್ತಿರಬಹುದೆಂದು ಪತ್ರಿಕೆಗಳಲ್ಲಿ ಬಂದಿತು. ಸಾವಿನ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸಿದ ಒಂದೂ ತೀರ್ಪು ಮರಣ ವಿಚಾರಣಾ ನ್ಯಾಯಾಲಯಗಳಿಂದ ಬಂದಿಲ್ಲವೆಂದು 1993ರ ವಿಚಾರಣಾ ವರದಿ ದಾಖಲಿಸಿದೆ.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ತಿದ್ದಬೇಕಾಗಿದೆ. ಅಕ್ಟೋಬರ್ 26 ಮತ್ತು 27ರ ಅವ್ಯವಸ್ಥೆಗೆ ಸ್ಮೃತಿಸೋರಿಕೆಯೇ ಕಾರಣವೆಂದು ಕೆಲವು ಬರಹಗಳಲ್ಲಿ ಕಾಣುತ್ತದೆ. ವರದಿಯನ್ನು ಓದಿದರೆ ಇದು ನಿಲ್ಲುವುದಿಲ್ಲ. ಆ ಎರಡು ದಿನ ಗಣಕ ತಾಂತ್ರಿಕ ಅರ್ಥದಲ್ಲಿ ಕುಸಿದಿರಲೇ ಇಲ್ಲ. ವಾಹನಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂಬ ಮಾಹಿತಿ ಅಪೂರ್ಣವಾಗಿತ್ತು. ತಪ್ಪು ಮಾಹಿತಿಯಿಂದ ತಪ್ಪು ನಿಯೋಜನೆಗಳಾದವು. ಅವುಗಳಿಂದ ಎಚ್ಚರಿಕೆಯ ಸಂದೇಶಗಳು ರಾಶಿಬಿದ್ದವು. ಕಾದು ಬೇಸತ್ತ ಜನ ಮತ್ತೆ ಮತ್ತೆ ಕರೆ ಮಾಡಿದರು. ಇದು ರಚನೆಯ ದೋಷ, ತರಾತುರಿಯ ದೋಷ. 27ರ ಮಧ್ಯಾಹ್ನದ ನಂತರ ಸಿಬ್ಬಂದಿ ಅರ್ಧ ಗಣಕ, ಅರ್ಧ ಕೈಕೆಲಸದ ಪದ್ಧತಿಗೆ ಮರಳಿದರು. ಆಗ ವ್ಯವಸ್ಥೆ ತಕ್ಕಮಟ್ಟಿಗೆ ನಡೆಯಿತು.

ಸೋರಿಕೆ ತನ್ನ ಪರಿಣಾಮವನ್ನು ತೋರಿಸಿದ್ದು ನವೆಂಬರ್ 4ರ ನಸುಕಿನಲ್ಲಿ. ರಾತ್ರಿ 2 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ವ್ಯವಸ್ಥೆ ನಿಧಾನವಾಯಿತು, ಆಮೇಲೆ ಪೂರ್ತಿ ಸ್ತಬ್ಧವಾಯಿತು. ಹಿಂದೆ ಮಾಡುತ್ತಿದ್ದಂತೆ ಗಣಕಗಳನ್ನು ನಿಲ್ಲಿಸಿ ಚಾಲೂ ಮಾಡಿ ನೋಡಿದರೂ ಫಲವಾಗಲಿಲ್ಲ. ಅದರಲ್ಲಿದ್ದ ಕರೆಗಳನ್ನು ಮುದ್ರಿಸಿಕೊಳ್ಳಲೂ ಆಗಲಿಲ್ಲ. ಸಿಬ್ಬಂದಿ ಕಾಗದ, ಪೆನ್ಸಿಲ್ಲು, ದೂರವಾಣಿಗಳಿಗೆ ಮರಳಿದರು. ಕರೆಗಳು ಕಡಿಮೆಯಿರುವ ಹೊತ್ತಾದ್ದರಿಂದ ಹಾನಿ ಹೆಚ್ಚಾಗಲಿಲ್ಲ.

ವಿಚಾರಣೆಯಲ್ಲಿ ಕಂಡುಬಂದದ್ದು ಇಷ್ಟು: ಸುಮಾರು ಮೂರು ವಾರಗಳ ಹಿಂದೆ ಕ್ರಮವಿಧಿಗಾರನೊಬ್ಬ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ತುಣುಕು ಸಂಕೇತವನ್ನು ಗಮನವಿಲ್ಲದೆ ಹಾಗೆಯೇ ಬಿಟ್ಟಿದ್ದ. ಒಂದೊಂದು ವಾಹನವನ್ನು ಕಳುಹಿಸಿದಾಗಲೂ ಆ ತುಣುಕು ಕಡತ ಸರ್ವರಿನ ಸ್ಮೃತಿಯಲ್ಲಿ ಸ್ವಲ್ಪವನ್ನು ಹಿಡಿದುಕೊಳ್ಳುತ್ತಿತ್ತು, ಬಿಡುತ್ತಿರಲಿಲ್ಲ. ಮೂರು ವಾರಗಳಲ್ಲಿ ಸ್ಮೃತಿಯೆಲ್ಲ ತುಂಬಿತು. ಇದು ಅಜಾಗರೂಕತೆ ಮತ್ತು ಬದಲಾವಣೆಗಳನ್ನು ಪರಿಶೀಲಿಸುವ ಪದ್ಧತಿಯ ಕೊರತೆಯ ಫಲವೆಂದು ಸಮಿತಿ ಖಂಡಿಸಿತು. ಅದರ ಜೊತೆಗೇ, ಇಂಥ ದೋಷ ಸಾಮಾನ್ಯ ಪರೀಕ್ಷೆಗಳಲ್ಲಿ ಸಿಕ್ಕಿಬೀಳುವ ಸಂಭವ ಕಡಿಮೆ ಎಂದೂ ಒಪ್ಪಿಕೊಂಡಿತು. ಈ ಎರಡನೆಯ ಮಾತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಪರೀಕ್ಷೆಯೊಂದು ಗಂಟೆಗಟ್ಟಲೆ ನಡೆಯಬಹುದು, ಒಂದು ದಿನ ನಡೆಯಬಹುದು. ಮೂರು ವಾರಗಳ ನಿಜವಾದ ದುಡಿಮೆಯನ್ನು ಪ್ರಯೋಗಶಾಲೆಯಲ್ಲಿ ಪುನರಾವರ್ತಿಸುವುದು ಅಪರೂಪ.

ಇನ್ನೂ ಒಂದು ವಿವರವಿದೆ. ಮೊದಲ ಸರ್ವರ್ ಕೆಟ್ಟರೆ ಕೆಲಸ ವಹಿಸಿಕೊಳ್ಳಲು ಎರಡನೆಯದನ್ನು ಸಿದ್ಧವಾಗಿ ಇಡಲಾಗಿತ್ತು. ಆದರೆ ಆ ಹಸ್ತಾಂತರವನ್ನು ಪೂರ್ಣ ಕಾಗದರಹಿತ ವ್ಯವಸ್ಥೆಯ ಅಂಗವಾಗಿ ಮಾತ್ರ ರೂಪಿಸಲಾಗಿತ್ತು. ಅಕ್ಟೋಬರ್ 27ರಿಂದ ನಡೆಯುತ್ತಿದ್ದ ಅರೆಬರೆ ಪದ್ಧತಿಗೆ ಅದು ಅನ್ವಯವಾಗುತ್ತಿರಲಿಲ್ಲ. ಒಂದು ಅವ್ಯವಸ್ಥೆಯಿಂದ ಪಾರಾಗಲು ಹಿಡಿದ ದಾರಿ ಇನ್ನೊಂದರ ರಕ್ಷಣೆಯನ್ನು ಕಸಿದಿತ್ತು. 1996ರಲ್ಲಿ ಲಂಡನ್ನಿನಲ್ಲಿ ಹೊಸ ವ್ಯವಸ್ಥೆಯನ್ನು ಹಂತಹಂತವಾಗಿ, ಸಿಬ್ಬಂದಿಯನ್ನು ಜೊತೆಗಿಟ್ಟುಕೊಂಡು ಜಾರಿಗೆ ತರಲಾಯಿತು, ಅದು ಯಶಸ್ವಿಯಾಯಿತು.

ಕಡತಗಳ ಪಟ್ಟಿಯೇ ಸ್ಮೃತಿಯನ್ನು ನುಂಗಿದ ಇನ್ನೊಂದು ಪ್ರಸಿದ್ಧ ನಿದರ್ಶನವನ್ನು ಇಲ್ಲಿಯೇ ಸೂಚಿಸಬಹುದು. 2004ರ ಜನವರಿ 21ರಂದು ಮಂಗಳ ಗ್ರಹದ ಮೇಲಿದ್ದ ಸ್ಪಿರಿಟ್ ವಾಹನ ಸರಿಯಾಗಿ ಉತ್ತರಿಸುವುದನ್ನು ನಿಲ್ಲಿಸಿ, ಪದೇ ಪದೇ ತಾನೇ ಪುನರಾರಂಭಗೊಳ್ಳತೊಡಗಿತು. ಅದರ ಫ್ಲ್ಯಾಶ್ ಸಂಗ್ರಹದಲ್ಲಿದ್ದ ಕಡತಗಳ ವಿವರಪಟ್ಟಿಯನ್ನು ಮುಖ್ಯ ಸ್ಮೃತಿಯಲ್ಲಿ ಇಡಲಾಗುತ್ತಿತ್ತು. ಕಡತಗಳನ್ನು ಅಳಿಸಿದರೂ ಪಟ್ಟಿ ಹಿಡಿದ ಜಾಗ ಕುಗ್ಗುತ್ತಿರಲಿಲ್ಲ. ಫ್ಲ್ಯಾಶನ್ನು ಮುಟ್ಟದೆ ಆರಂಭವಾಗುವಂತೆ ಭೂಮಿಯಿಂದ ಆಜ್ಞೆ ಕಳುಹಿಸಿದ ಮೇಲೆ ವಾಹನ ಹತೋಟಿಗೆ ಬಂದಿತು.

ಯಂತ್ರದೊಳಗಿನ ಯಂತ್ರ

ಒಂದು ಗಣಕವನ್ನು ಹಲವು ಗಣಕಗಳೆಂಬಂತೆ ತೋರಿಸುವ ವಿಚಾರ ಹಳೆಯದು. ಐಬಿಎಂನ ಕೇಂಬ್ರಿಡ್ಜ್ ವಿಜ್ಞಾನ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಲೆಸ್ ಕೋಮೊ ಅವರ ತಂಡ ರೂಪಿಸಿದ ಸಿಪಿ-40 ವ್ಯವಸ್ಥೆ 1967ರ ಜನವರಿಯಲ್ಲಿ ಬಳಕೆಗೆ ಬಂದಿತು. ಅದು ಒಂದೇ ಯಂತ್ರದ ಮೇಲೆ 14 ಕಲ್ಪಿತ ಯಂತ್ರಗಳನ್ನು ನಡೆಸುತ್ತಿತ್ತು. 1972ರಲ್ಲಿ ಘೋಷಿತವಾದ ವಿಎಂ/370 ಇದರ ವಾಣಿಜ್ಯ ರೂಪ. ಅಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಪುಟ್ಟ ಡಿಸ್ಕ್. ಹಂಚಿಕೊಳ್ಳುವುದಾದರೆ ಬಹುಮಟ್ಟಿಗೆ ಓದಲು ಮಾತ್ರ. ಯಂತ್ರಗಳನ್ನು ಬೇರ್ಪಡಿಸುವುದೇ ಗುರಿಯಾದ್ದರಿಂದ ಹಂಚಿಕೆ ಅಲ್ಲಿ ಎರಡನೆಯ ಮಾತಾಗಿತ್ತು.

ಮೇಜಿನ ಮೇಲಿನ ಗಣಕಗಳಿಗೆ ಈ ತಂತ್ರ ಇಳಿದುಬರಲು ಕಾಲು ಶತಮಾನಕ್ಕಿಂತ ಹೆಚ್ಚು ಹಿಡಿಯಿತು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಅವರು ವಿಧಿಸಿದ ನಿಬಂಧನೆಗಳನ್ನು ಇಂಟೆಲ್‌ನ ಎಕ್ಸ್86 ಸಂಸ್ಕಾರಕ ಪೂರೈಸುತ್ತಿರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಡಿಸ್ಕೊ ಯೋಜನೆಯ ಸಂಶೋಧಕರು ಸೇರಿ 1998ರಲ್ಲಿ ಸ್ಥಾಪಿಸಿದ ವಿಎಂವೇರ್ ಸಂಸ್ಥೆ, 1999ರಲ್ಲಿ ತನ್ನ ಮೊದಲ ಉತ್ಪನ್ನದ ಮೂಲಕ ಈ ಅಡಚಣೆಯನ್ನು ತಂತ್ರಾಂಶದಿಂದಲೇ ದಾಟಿತು. 2007ರಲ್ಲಿ ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಅದೇ ವರ್ಷ ಕೆವಿಎಂ ಲಿನಕ್ಸ್‌ನ ಭಾಗವಾಯಿತು. ಒಬ್ಬನೇ ವ್ಯಕ್ತಿ ಒಂದೇ ಮೇಜಿನಲ್ಲಿ ಎರಡು ವ್ಯವಸ್ಥೆಗಳನ್ನು ನಡೆಸತೊಡಗಿದಾಗ, ಅಲ್ಲಿ ಬರೆದ ಕಡತ ಇಲ್ಲಿಯೂ ಕಾಣಬೇಕೆಂಬ ಬೇಡಿಕೆ ಸಹಜವಾಗಿತ್ತು. ಹಂಚಿಕೊಂಡ ಫೋಲ್ಡರ್ ಹುಟ್ಟಿದ್ದು ಹೀಗೆ.

ಇದಕ್ಕಾಗಿ ಅತಿಥಿ ವ್ಯವಸ್ಥೆಯ ಕರ್ನೆಲ್‌ಗೆ ಒಂದು ಚಾಲಕವನ್ನು ಸೇರಿಸಬೇಕಾಗುತ್ತಿತ್ತು. ಈ ಚಾಲಕಗಳು ಬಹುಕಾಲ ಮುಖ್ಯ ಕರ್ನೆಲ್‌ನಿಂದ ಹೊರಗೇ ಬೆಳೆದವು; ವರ್ಚುವಲ್‌ಬಾಕ್ಸ್‌ನ ಫೋಲ್ಡರ್ ಚಾಲಕ ಲಿನಕ್ಸ್‌ನ ಮುಖ್ಯ ಆಕರಕ್ಕೆ ಸೇರಿದ್ದು 2020ರಲ್ಲಿ. ಕರ್ನೆಲ್‌ನೊಳಗಿನ ಸೋರಿಕೆ ಸಾಮಾನ್ಯ ಕ್ರಮವಿಧಿಯ ಸೋರಿಕೆಯಂತಲ್ಲ. ಕ್ರಮವಿಧಿ ಸತ್ತರೆ ಅದರ ಸ್ಮೃತಿ ಮರಳುತ್ತದೆ. ಕರ್ನೆಲ್ ಸಾಯುವುದು ಯಂತ್ರ ನಿಂತಾಗಲೇ. ಕಡತವೊಂದನ್ನು ತೆರೆಯಲು ಚಾಲಕ ಒಂದಿಷ್ಟು ಜಾಗ ಪಡೆಯುತ್ತದೆ, ಆತಿಥೇಯನಿಗೆ ಕೋರಿಕೆ ಕಳುಹಿಸುತ್ತದೆ, ಉತ್ತರ ಬಂದಮೇಲೆ ಬಿಡುತ್ತದೆ. ಕಡತವಿಲ್ಲ, ಅನುಮತಿಯಿಲ್ಲ ಎಂಬ ಉತ್ತರ ಬಂದಾಗ ಬೇರೆ ಹಾದಿಯಲ್ಲಿ ಹೊರಬರುತ್ತದೆ. ಬಿಡುವ ಆಜ್ಞೆ ಮರೆತುಹೋಗುವುದು ಸಾಮಾನ್ಯವಾಗಿ ಆ ಎರಡನೆಯ ಹಾದಿಯಲ್ಲಿ. ಸಾವಿರಾರು ಕಡತಗಳನ್ನು ಹುಡುಕುವ, ಅವುಗಳಲ್ಲಿ ಬಹುಪಾಲು ಸಿಗದಿರುವ ಕೆಲಸಗಳಲ್ಲಿ ಇಂಥ ಮರೆವು ಬೇಗ ಬೆಟ್ಟವಾಗುತ್ತದೆ.

ಅತಿಥಿ ಮತ್ತು ಆತಿಥೇಯ

ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಬಗೆಯಿದೆ. ಬೆಲ್ ಲ್ಯಾಬೊರೇಟರೀಸ್‌ನ ಪ್ಲ್ಯಾನ್ ನೈನ್ ವ್ಯವಸ್ಥೆಗಾಗಿ ರೂಪಿಸಿದ ನೈನ್‌ಪಿ ಎಂಬ ಸಂವಾದಕ್ರಮ 2010ರ ಸುಮಾರಿಗೆ ಕೆವಿಎಂ ಯಂತ್ರಗಳ ಕಡತ ಹಂಚಿಕೆಗೆ ಬಳಕೆಯಾಯಿತು. ಅದರಲ್ಲಿ ಗ್ರಾಹಕ ಪ್ರತಿಯೊಂದು ಕಡತಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡುತ್ತಾನೆ. ಇನ್ನು ಬೇಡವೆಂದು ಅವನೇ ಹೇಳುವವರೆಗೂ ಸರ್ವರ್ ಆ ಸಂಖ್ಯೆಯನ್ನು ನೆನಪಿಡಬೇಕು. 2019ರಲ್ಲಿ ಲಿನಕ್ಸ್ ಸೇರಿದ ವರ್ಟ್‌ಐಒ-ಎಫ್‌ಎಸ್ ಇನ್ನೊಂದು ಪರಂಪರೆಯದು. ಅದು 2005ರಲ್ಲಿ ಕರ್ನೆಲ್‌ಗೆ ಬಂದ ಫ್ಯೂಸ್ ಎಂಬ ಸಂವಾದಕ್ರಮವನ್ನು ಬಳಸುತ್ತದೆ. ಅತಿಥಿ ಒಂದು ಹೆಸರನ್ನು ಹುಡುಕಿದಾಗಲೆಲ್ಲ ಆತಿಥೇಯನ ಕಡೆಯ ಎಣಿಕೆ ಒಂದು ಏರುತ್ತದೆ. ಅತಿಥಿ ‘ಮರೆತೆ’ ಎಂಬ ಸಂದೇಶವನ್ನು ಕಳುಹಿಸಿದಾಗ ಅದು ಇಳಿಯುತ್ತದೆ. ಕಾಲಿನ್ಸ್‌ರ 1960ರ ಎಣಿಕೆಯೇ ಇದು. ಏರಿಸುವ, ಇಳಿಸುವ ಮಾತು ಒಂದು ಯಂತ್ರದಿಂದ ಹೊರಟು ಲೆಕ್ಕ ಮಾತ್ರ ಇನ್ನೊಂದರಲ್ಲಿದೆ.

ಅತಿಥಿ ಯಾವಾಗ ಮರೆಯುತ್ತದೆ? ಲಿನಕ್ಸ್ ತಾನು ಒಮ್ಮೆ ಕಂಡ ಕಡತಗಳ ವಿವರವನ್ನು ಖಾಲಿ ಸ್ಮೃತಿ ಇರುವವರೆಗೂ ಇಟ್ಟುಕೊಳ್ಳುತ್ತದೆ. ಮುಂದೆ ಬೇಕಾದೀತೆಂಬ ದೂರದೃಷ್ಟಿಯದು, ದೋಷವಲ್ಲ. ತನಗೆ ಇಕ್ಕಟ್ಟಾದಾಗ ಮಾತ್ರ ಹಳೆಯದನ್ನು ಕೈಬಿಡುತ್ತದೆ. ಅತಿಥಿಯ ಮನೆಯಲ್ಲಿ ಜಾಗ ಧಾರಾಳವಾಗಿದ್ದು ಆತಿಥೇಯನ ಮನೆಯಲ್ಲಿ ಇಕ್ಕಟ್ಟಾದರೆ, ಆ ಇಕ್ಕಟ್ಟು ಅತಿಥಿಗೆ ತಿಳಿಯುವುದಿಲ್ಲ. ಅದು ಲಕ್ಷಾಂತರ ಕಡತಗಳನ್ನು ನೆನಪಿಟ್ಟುಕೊಂಡೇ ಇರುತ್ತದೆ. ಆತಿಥೇಯನ ಸೇವಾ ಕ್ರಮವಿಧಿ ಅಷ್ಟೂ ಕಡತಗಳ ಲೆಕ್ಕವನ್ನು ಹೊತ್ತುಕೊಂಡೇ ಇರಬೇಕಾಗುತ್ತದೆ. ಹೊರಗಿನಿಂದ ನೋಡಿದವನಿಗೆ ಸೇವಾ ಕ್ರಮವಿಧಿಯ ಸ್ಮೃತಿ ದಿನೇ ದಿನೇ ಏರುತ್ತಿರುವುದು ಮಾತ್ರ ಕಾಣುತ್ತದೆ. ಅವನು ಅದನ್ನು ಸೋರಿಕೆ ಎಂದು ದೂರು ಕೊಡುತ್ತಾನೆ. ಕ್ರಮವಿಧಿಯನ್ನು ಪರಿಶೀಲಿಸಿದವನಿಗೆ ಕಳೆದುಹೋದ ಒಂದು ತುಣುಕೂ ಸಿಗುವುದಿಲ್ಲ, ಎಲ್ಲದರ ವಿಳಾಸವೂ ಸರಿಯಾಗಿದೆ. ಇಬ್ಬರೂ ಹೇಳುವುದು ನಿಜ. ಮೆಕಾರ್ಥಿಯವರ ಲಕ್ಷಣದಂತೆ ಇಲ್ಲಿ ಕಸವೇ ಇಲ್ಲ; ತಲುಪಬಹುದಾದದ್ದೆಲ್ಲ ಜೀವಂತ. ಸೋರಿಕೆಯೆಂಬ ವ್ಯಾಖ್ಯೆಯನ್ನು ಒಂದೇ ಯಂತ್ರದ ಗಡಿಯೊಳಗೆ ಮಾಡಿದ್ದರ ಫಲವಿದು ಎಂದು ನನ್ನ ಅಭಿಪ್ರಾಯ.

ಎರಡನ್ನೂ ಬೇರ್ಪಡಿಸುವ ಒಂದು ಸರಳ ಪರೀಕ್ಷೆಯನ್ನು ಆಡಳಿತಗಾರರು ಬಳಸುತ್ತಾರೆ. 2006ರಿಂದ ಲಿನಕ್ಸ್‌ನಲ್ಲಿ ಇಂಥ ಮುಂಗಡ ಸಂಗ್ರಹವನ್ನು ಆಜ್ಞೆಯ ಮೂಲಕ ಕೈಬಿಡಿಸಬಹುದು. ಅತಿಥಿಯಲ್ಲಿ ಹಾಗೆ ಮಾಡಿದಾಗ ಆತಿಥೇಯನ ಕ್ರಮವಿಧಿ ತನ್ನ ಲೆಕ್ಕವನ್ನು ಇಳಿಸಿದರೆ ಅದು ಸಂಗ್ರಹ. ಇಳಿಸದಿದ್ದರೆ ಸೋರಿಕೆಯ ಅನುಮಾನ ಬಲವಾಗುತ್ತದೆ. ಬಿಟ್ಟ ಸ್ಮೃತಿಯನ್ನೂ ಕ್ರಮವಿಧಿಗಳು ಕೆಲವೊಮ್ಮೆ ಕೂಡಲೇ ವ್ಯವಸ್ಥೆಗೆ ಒಪ್ಪಿಸದೆ ತಮ್ಮ ಬಳಿಯೇ ಇಟ್ಟುಕೊಳ್ಳುವುದರಿಂದ, ಈ ಪರೀಕ್ಷೆಯನ್ನೂ ಎಚ್ಚರದಿಂದಲೇ ಓದಬೇಕು.

ಆತಿಥೇಯನ ಇಕ್ಕಟ್ಟನ್ನು ಅತಿಥಿಗೆ ತಿಳಿಸುವ ದಾರಿಯನ್ನು ಕಾರ್ಲ್ ವಾಲ್ಡ್‌ಸ್ಪರ್ಗರ್ ಅವರು 2002ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ಅತಿಥಿಯೊಳಗೆ ಬಲೂನಿನಂಥ ಒಂದು ಚಾಲಕವನ್ನಿಟ್ಟು ಅದನ್ನು ಊದಿದರೆ, ಅತಿಥಿಗೆ ತನ್ನಲ್ಲೇ ಇಕ್ಕಟ್ಟಾದಂತೆ ಅನಿಸಿ ಹಳೆಯದನ್ನು ಬಿಡುತ್ತದೆ. ಮುಖ್ಯ ಸ್ಮೃತಿಯ ಪುಟಗಳಿಗಾಗಿ ಕಲ್ಪಿಸಿದ ಈ ಉಪಾಯ ಫೋಲ್ಡರಿನ ಲೆಕ್ಕವನ್ನೂ ಪರೋಕ್ಷವಾಗಿ ಇಳಿಸುತ್ತದೆ.

ಸೋರಿಕೆಯನ್ನು ಹುಡುಕುವ ಉಪಕರಣಗಳ ಇತಿಹಾಸ ಪ್ರತ್ಯೇಕ ಅಧ್ಯಯನವನ್ನು ಬೇಡುತ್ತದೆ. ಹೇಸ್ಟಿಂಗ್ಸ್ ಮತ್ತು ಜಾಯ್ಸ್ ಅವರು 1992ರ ಆರಂಭದಲ್ಲಿ ಪ್ಯೂರಿಫೈ ಎಂಬ ಉಪಕರಣದ ಬಗ್ಗೆ ಪ್ರಬಂಧ ಮಂಡಿಸಿದರು. ಅದೇ ವರ್ಷದ ಕೊನೆಗೆ ಲಂಡನ್ನಿನ ಸರ್ವರ್ ತುಂಬಿತು. 2002ರಲ್ಲಿ ಜೂಲಿಯನ್ ಸೀವರ್ಡ್ ಅವರ ವಾಲ್‌ಗ್ರೈಂಡ್ ಮುಕ್ತವಾಗಿ ದೊರೆಯಿತು. 2009ರಲ್ಲಿ ಕ್ಯಾಟಲಿನ್ ಮರಿನಾಸ್ ಅವರ ಕೆಮೆಮ್‌ಲೀಕ್ ಲಿನಕ್ಸ್ ಕರ್ನೆಲ್ ಸೇರಿತು. ಈ ಕೊನೆಯದು ಕರ್ನೆಲ್‌ನ ಸ್ಮೃತಿಯನ್ನೆಲ್ಲ ಜಾಲಾಡಿ, ಯಾವ ಕೊಂಡಿಯಿಂದಲೂ ತಲುಪಲಾಗದ ತುಣುಕುಗಳನ್ನು ಗುರುತಿಸುತ್ತದೆ. ವಿಧಾನ ಮೆಕಾರ್ಥಿಯವರದೇ, ಆದರೆ ಸಿಕ್ಕ ಕಸವನ್ನು ಅದು ಎತ್ತಿಹಾಕುವುದಿಲ್ಲ, ಇಲ್ಲಿ ಕಸವಿರಬಹುದೆಂದು ವರದಿ ಮಾಡುತ್ತದೆ. ಅತಿಥಿಯೊಳಗಿನ ಫೋಲ್ಡರ್ ಚಾಲಕ ಕಳೆದುಕೊಂಡ ತುಣುಕುಗಳು ಅದರ ಕಣ್ಣಿಗೆ ಬೀಳುತ್ತವೆ. ಅತಿಥಿ ಹೇಳದೆ ಉಳಿಸಿಕೊಂಡ ‘ಮರೆತೆ’ ಎಂಬ ಮಾತು ಬೀಳುವುದಿಲ್ಲ. ವರ್ಟ್‌ಐಒ-ಎಫ್‌ಎಸ್‌ನ ಸೇವಾ ಕ್ರಮವಿಧಿಯನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದವರು, ನೆನಪಿಟ್ಟುಕೊಂಡ ಪ್ರತಿಯೊಂದು ಕಡತವನ್ನೂ ತೆರೆದೇ ಇಡುವ ಬದಲು ಅದರ ಗುರುತನ್ನಷ್ಟೇ ಇಟ್ಟುಕೊಂಡು ಬೇಕಾದಾಗ ತೆರೆಯುವ ಆಯ್ಕೆಯೊಂದನ್ನು ಸೇರಿಸಿದ್ದಾರೆ. ಅದರಿಂದ ತೆರೆದ ಕಡತಗಳ ಸಂಖ್ಯೆ ಇಳಿಯುತ್ತದೆ. ಗುರುತುಗಳ ಪಟ್ಟಿ ಮಾತ್ರ, ಅತಿಥಿ ಹೇಳುವವರೆಗೂ, ಆತಿಥೇಯನ ಬಳಿಯಲ್ಲೇ ಉಳಿಯುತ್ತದೆ.